ಎಲ್ಲರೂ ಕುಡಿದ ಪಾತ್ರೆ

ನಾನು ಒಂದು ಬೆಳ್ಳಿಯ ಪಾನಪಾತ್ರೆ. ಗೇಣುದ್ದದ ಎತ್ತರ, ಅಗಲವಾದ ಪಾದ, ಹಿಡಿಯಲು ನಡುವೆ ಒಂದು ಗಂಟು, ಮೇಲೆ ದುಂಡಗೆ ಮಡಚಿದ ಅಂಚು. ಗದಗಿನ ಆಚೆಗಿನ ಕಣವಿಪೇಟೆ ಎಂಬ ಸಣ್ಣ ಊರಿನ ಕ್ರೈಸ್ತ ದೇವಾಲಯದಲ್ಲಿ ನಲವತ್ತು ವರ್ಷ ಕೆಲಸ ಮಾಡಿದೆ. ತಿಂಗಳ ಮೊದಲ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ನಡೆಯುವಾಗ ಸಭೆಯವರೆಲ್ಲ ನನ್ನಿಂದಲೇ ಕುಡಿಯುತ್ತಿದ್ದರು. ಈಗ ಒಂದು ಕಪಾಟಿನಲ್ಲಿದ್ದೇನೆ.

ನನಗಿಂತ ಮೊದಲು ಅಲ್ಲಿದ್ದ ಪಾತ್ರೆ ಪರದೇಶದ ಪಾದ್ರಿಗಳ ಸ್ವಂತದ್ದು. ಅವರು ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ ಅದನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಎರಡು ತಿಂಗಳು ಹಿತ್ತಾಳೆಯ ಲೋಟದಲ್ಲಿ ಭೋಜನ ನಡೆಯಿತು. ಸಭೆಯ ಹೆಂಗಸರಿಗೆ ಅದು ಸರಿಬರಲಿಲ್ಲ. ಒಬ್ಬರು ಬೆಳ್ಳಿಯ ಕಾಲಕಡಗ ಬಿಚ್ಚಿ ಕೊಟ್ಟರು, ಒಬ್ಬರು ಮಗುವಿನ ಉಡದಾರ ತಂದರು, ಒಬ್ಬ ಮುದುಕಿ ತನ್ನ ಎಲೆಅಡಿಕೆಯ ಸುಣ್ಣದ ಡಬ್ಬಿಯನ್ನೇ ತಂದಿಟ್ಟಳು. ಸಭೆಯ ಹಿರಿಯರಾದ ಫಿಲೆಮೋನ ಮಾಸ್ತರರು ಅದನ್ನೆಲ್ಲ ವಸ್ತ್ರದಲ್ಲಿ ಕಟ್ಟಿಕೊಂಡು ಪೇಟೆಯ ಪತ್ತಾರ ಮೌನೇಶಪ್ಪನ ಹತ್ತಿರ ಹೋದರು.

ಮೌನೇಶಪ್ಪ ದೇವಾಲಯದ ಒಳಗೆ ಕಾಲಿಟ್ಟವನಲ್ಲ. ಮಾಸ್ತರರು ಕಾಗದದ ಮೇಲೆ ಬರೆದುಕೊಟ್ಟ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದರಾಗ ಎಷ್ಟ ಮಂದಿ ಕುಡೀತೀರಿ ಮಾಸ್ತರ?"

"ನೂರಾ ಇಪ್ಪತ್ತ ಮಂದಿ ಇದ್ದೀವಿ."

"ಒಬ್ಬರಾದ ಮ್ಯಾಲ ಒಬ್ಬರು? ಇದ ಒಂದಕ್ಕ ಬಾಯಿ ಹಚ್ಚಿ?"

"ಹೌದು. ಅದಕ್ಕ ಇದನ್ನ ಮಾಡಸೂದು."

ಮೌನೇಶಪ್ಪ ಚಿತ್ರದ ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ, "ಹಂಗಾರ ಅಂಚ ದುಂಡಗ ಮಡಚಿ ಕೊಡ್ತೀನಿ. ಯಾರ ತುಟಿಗೂ ಚುಚ್ಚಬಾರದು" ಎಂದ.

ಹೀಗೆ ನಾನು ಹುಟ್ಟಿದೆ. ಬಿಷಪ್ಪರು ಬಂದು ನನ್ನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಆ ಸಭೆ ದೊಡ್ಡದೇನಲ್ಲ. ಕೈಮಗ್ಗದ ನೇಕಾರರು, ಶಾಲೆಯ ನಾಲ್ಕು ಮಂದಿ ಮಾಸ್ತರರು, ಆಸ್ಪತ್ರೆಯ ಕಂಪೌಂಡರ್, ರೈಲ್ವೆ ಗೇಟಿನವನು, ಅವರ ಹೆಂಡಿರು ಮಕ್ಕಳು. ಬೇರೆ ಬೇರೆ ಓಣಿಗಳಿಂದ, ಬೇರೆ ಬೇರೆ ಜಾತಿಗಳಿಂದ ಬಂದವರು. ಅವರ ಮುತ್ತಜ್ಜಂದಿರ ಕಾಲದಲ್ಲಿ ಒಬ್ಬರ ಕೊಡವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಈಗ ವೇದಿಯ ಮುಂದಿನ ಕಟಕಟೆಗೆ ಹನ್ನೆರಡು ಹನ್ನೆರಡು ಜನರಂತೆ ಬಂದು ಮೊಣಕಾಲೂರುತ್ತಿದ್ದರು. ಸಭಾಪಾಲಕರಾದ ಅಯ್ಯನವರು ನನ್ನನ್ನು ಒಬ್ಬರ ಬಾಯಿಗೆ ಹಿಡಿದು, ಬಿಳಿ ವಸ್ತ್ರದಿಂದ ಅಂಚು ಒರೆಸಿ, ಸ್ವಲ್ಪ ತಿರುಗಿಸಿ, ಮುಂದಿನವರಿಗೆ ಹಿಡಿಯುತ್ತಿದ್ದರು. ಬೀಡಿಯ ವಾಸನೆಯ ಮೀಸೆ, ಎಲೆಅಡಿಕೆಯಿಂದ ಕೆಂಪಾದ ತುಟಿ, ಮೊದಲ ಸಲ ಕುಡಿಯುವ ಹುಡುಗಿಯರ ನಡುಗುವ ತುಟಿ, ಎಲ್ಲವನ್ನೂ ನಾನು ಬಲ್ಲೆ. ನನಗೆ ಅದರ ಬಗ್ಗೆ ಬಹಳ ಹೆಮ್ಮೆಯಿತ್ತು. ಈ ಊರಿನಲ್ಲಿ ಎಲ್ಲರ ಬಾಯಿಗೂ ಸಲ್ಲುವ ಪಾತ್ರೆ ನಾನೊಂದೇ ಎಂದುಕೊಂಡಿದ್ದೆ.

ನನ್ನನ್ನು ತೊಳೆಯುತ್ತಿದ್ದವಳು ಎಸ್ತೇರವ್ವ. ಹುಣಸೆಹಣ್ಣು, ಸೋಸಿದ ಬೂದಿ, ಆಮೇಲೆ ಬೆಚ್ಚಗಿನ ನೀರು. ತೊಳೆಯುತ್ತ ಒಬ್ಬಳೇ ಮಾತಾಡುವ ರೂಢಿ ಅವಳದು. ಊರಿನ ಸುದ್ದಿಯೆಲ್ಲ ನನಗೆ ಬಂದದ್ದು ಹಾಗೆಯೇ. ಅವಳ ಗಂಡ ಗಿದ್ಯೋನಪ್ಪ ನೇಕಾರ. ಭಾನುವಾರ ದೇವಾಲಯದಲ್ಲಿ ಕಾಲಿನಿಂದ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ ಅವನದೇ. ಮಗ್ಗದ ತುಳಿಗೆಯ ಮೇಲೆ ಪಳಗಿದ ಕಾಲು, ಒಂದು ಉಸಿರೂ ತಪ್ಪುತ್ತಿರಲಿಲ್ಲ. ಅವನು ಕೀರ್ತನೆ ಎತ್ತಿದರೆ ಪೇಟೆಯಲ್ಲಿ ಹೋಗುವವರೂ ಗೇಟಿನ ಹತ್ತಿರ ನಿಂತು ಕೇಳುತ್ತಿದ್ದರು. ಅವರಿಗೆ ಇಬ್ಬರು ಸಣ್ಣ ಹೆಣ್ಣುಮಕ್ಕಳಿದ್ದರು.

ಒಂದು ಶನಿವಾರ ಎಸ್ತೇರವ್ವ ನನ್ನನ್ನು ತೊಳೆಯಲು ಬಂದವಳು ಮಾತೇ ಆಡಲಿಲ್ಲ. ನೀರು ತಣ್ಣಗಾಗುವವರೆಗೂ ನನ್ನನ್ನು ಕೈಯಲ್ಲಿ ಹಿಡಿದು ಕುಳಿತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು. ನೂಲಿಗೆ ಹಚ್ಚಲು ಕುದಿಸಿದ ಗಂಜಿ ಗಿದ್ಯೋನಪ್ಪನ ಎಡಗೈ ಮೇಲೆ ಚೆಲ್ಲಿತ್ತು. ಚರ್ಮ ಬೊಬ್ಬೆಯೆದ್ದಿತ್ತು. ಅವನು ಮಾತ್ರ ಮಗಳ ಜೊತೆ ನಗುತ್ತ ಮಾತಾಡುತ್ತಲೇ ಇದ್ದ. ಕೂಗಿಕೊಂಡವಳು ಎಸ್ತೇರವ್ವ.

ಅದು ಕುಷ್ಠ. ಊರಿನವರು ಆ ಹೆಸರನ್ನು ಹೇಳುತ್ತಿರಲಿಲ್ಲ, ದೊಡ್ಡ ಬ್ಯಾನಿ ಎನ್ನುತ್ತಿದ್ದರು. ಗಿದ್ಯೋನಪ್ಪ ದೂರದ ಆಸ್ಪತ್ರೆಗೆ ರೈಲು ಹತ್ತಿದ. ಎರಡು ವರ್ಷ ಅಲ್ಲಿಯೇ ಇದ್ದ. ಆ ಎರಡು ವರ್ಷ ದೇವಾಲಯದಲ್ಲಿ ಜನ ಹಾರ್ಮೋನಿಯಂ ಇಲ್ಲದೆ ಹಾಡಿದರು. ಒಬ್ಬರು ಮುಂದೆ, ಒಬ್ಬರು ಹಿಂದೆ. ಎಲ್ಲರೂ ಅವನಿಗಾಗಿ ಪ್ರಾರ್ಥಿಸಿದರು, ಅದು ಸುಳ್ಳಲ್ಲ. ಫಿಲೆಮೋನ ಮಾಸ್ತರರು ಪ್ರತಿ ವಾರ ಅವನ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ.

ಅವನು ವಾಸಿಯಾಗಿ ಮರಳಿದ್ದು ಈಸ್ಟರಿನ ಹಿಂದಿನ ವಾರ. ಎಡಗೈಯ ಎರಡು ಬೆರಳು ಮಡಚಿಕೊಂಡಿದ್ದವು, ಅಷ್ಟೇ. ಆಗ ಸಭಾಪಾಲಕರಾಗಿದ್ದವರು ಪ್ರಭಾಕರ ಸೋನ್ಸ್ ಎಂಬ ಅಯ್ಯನವರು. ಮಂಗಳೂರು ಕಡೆಯವರು, ವಯಸ್ಸು ಮೂವತ್ತೆರಡೋ ಮೂವತ್ಮೂರೋ, ಒಳ್ಳೆಯ ಮನುಷ್ಯ. ಅವರು ಆಸ್ಪತ್ರೆಯ ಡಾಕ್ಟರರ ಕಾಗದವನ್ನು ಸಭೆಯ ಮುಂದೆ ಓದಿ ಹೇಳಿದರು: ರೋಗ ಪೂರ್ತಿ ಗುಣವಾಗಿದೆ, ಇವರಿಂದ ಯಾರಿಗೂ ಅಂಟುವುದಿಲ್ಲ, ಕೂಡಿ ಉಣ್ಣಬಹುದು, ಕೂಡಿ ಕುಡಿಯಬಹುದು. ಜನ ಕಣ್ಣೊರೆಸಿಕೊಂಡರು. ಯಾರೋ ಹಾರ್ಮೋನಿಯಮ್ಮಿಗೆ ಮಲ್ಲಿಗೆಯ ಮಾಲೆ ಹಾಕಿದರು.

ಈಸ್ಟರಿನ ಬೆಳಿಗ್ಗೆ ದೇವಾಲಯ ತುಂಬಿತ್ತು. ಹೊಸ ಸೀರೆಗಳ ಸರಬರ. ಗಿದ್ಯೋನಪ್ಪ ಎಂಟೇ ಬೆರಳಿನಲ್ಲಿ ನುಡಿಸಿದ, ಎರಡು ವರ್ಷದ ಹಸಿವು ತೀರಿಸಿಕೊಳ್ಳುವವನಂತೆ. ಭೋಜನದ ಹೊತ್ತಿಗೆ ಮೊದಲ ಸಾಲಿನವರ ಜೊತೆಗೇ ಎದ್ದು ಬಂದು ಕಟಕಟೆಯಲ್ಲಿ ಮೊಣಕಾಲೂರಿದ. ಎಡದಿಂದ ನಾಲ್ಕನೆಯವನು. ಸೋನ್ಸ್ ಅಯ್ಯನವರು ನನ್ನನ್ನು ಅವನ ಬಾಯಿಗೆ ಹಿಡಿದರು. ಅವನು ಕಣ್ಣು ಮುಚ್ಚಿ ಒಂದೇ ಗುಟುಕು ಕುಡಿದ. ಅವನ ತುಟಿ ಎಲ್ಲರ ತುಟಿಯಂತೆಯೇ ಬೆಚ್ಚಗಿತ್ತು.

ಅಯ್ಯನವರು ಅಂಚು ಒರೆಸಿ, ತಿರುಗಿಸಿ, ಐದನೆಯವರಿಗೆ ಹಿಡಿದರು. ಅವರು ಕಂಪೌಂಡರ್. ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನನ್ನನ್ನು ತುಟಿಗೆ ತಾಗಿಸಿದಂತೆ ಮಾಡಿದರು. ತಾಗಿಸಲಿಲ್ಲ. ಆರನೆಯವರು ಫಿಲೆಮೋನ ಮಾಸ್ತರರ ಹೆಂಡತಿ ದೀನಮ್ಮ. ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆಯಲ್ಲಾಡಿಸಿದರು. ಏಳನೆಯವರೂ ಎಂಟನೆಯವರೂ ಎದ್ದು ಹೋದರು. ಗಿದ್ಯೋನಪ್ಪ ಇನ್ನೂ ಮೊಣಕಾಲ ಮೇಲೆಯೇ ಇದ್ದ, ಕಣ್ಣು ತೆರೆದಿದ್ದ. ಆ ಸಾಲಿನ ಕೊನೆಯಲ್ಲಿದ್ದವಳು ಎಸ್ತೇರವ್ವ. ಅವಳು ಕುಡಿದಳು. ಆಮೇಲಿನ ಸಾಲುಗಳಲ್ಲಿ ಬಹಳ ಜನ ಬೆಂಚು ಬಿಟ್ಟು ಏಳಲೇ ಇಲ್ಲ. ಎದ್ದು ಬಂದವರು ರೊಟ್ಟಿ ಮಾತ್ರ ತೆಗೆದುಕೊಂಡರು.

ಹೀಗೆ ಅರ್ಧದಷ್ಟು ದ್ರಾಕ್ಷಾರಸ ನನ್ನಲ್ಲೇ ಉಳಿಯಿತು. ಉಳಿದದ್ದನ್ನು ಸಭಾಪಾಲಕರೇ ಕುಡಿದು ಮುಗಿಸಬೇಕು, ಅದು ಕ್ರಮ. ಸೋನ್ಸ್ ಅಯ್ಯನವರು ನನ್ನನ್ನು ಎರಡೂ ಕೈಯಲ್ಲಿ ಎತ್ತಿದರು. ಅವರ ಉಸಿರು ನನ್ನ ಅಂಚಿಗೆ ತಾಗಿತು. ಇಡೀ ಸಭೆ ನೋಡುತ್ತಿತ್ತು. ಅವರು ಕುಡಿದಿದ್ದರೆ ಆ ದಿನವೇ ಎಲ್ಲ ಸರಿಹೋಗುತ್ತಿತ್ತೋ ಏನೋ. ಫಿಲೆಮೋನ ಮಾಸ್ತರರಂತೂ ಎದ್ದು ಬರುತ್ತಿದ್ದರು, ಅವರು ಬೆಂಚಿನ ತುದಿಗೆ ಸರಿದು ಕುಳಿತದ್ದನ್ನು ನಾನು ಕಂಡಿದ್ದೆ.

ಅಯ್ಯನವರ ಕೈ ನಿಂತಿತು. ಅವರು ನನ್ನನ್ನು ಕೆಳಗಿಳಿಸಿದರು. ಪಕ್ಕದ ಬಾಗಿಲಿಗೆ ಮೂರು ಹೆಜ್ಜೆ. ಹೊರಗೆ ಗೋಡೆಯ ಬುಡದ ಮಣ್ಣಿಗೆ ನನ್ನನ್ನು ಬಗ್ಗಿಸಿದರು.

ಆ ಬಾಗಿಲಿನ ಪಕ್ಕದಲ್ಲೇ ಹಾರ್ಮೋನಿಯಂ. ಗಿದ್ಯೋನಪ್ಪ ಅಷ್ಟರಲ್ಲಿ ಅಲ್ಲಿಗೆ ಬಂದು ಕುಳಿತಿದ್ದ. ಮಣ್ಣು ಕುಡಿದದ್ದನ್ನು ಅವನು ನೋಡಿದ. ಆಮೇಲೆ ಕೊನೆಯ ಕೀರ್ತನೆಯನ್ನು ಪೂರ್ತಿಯಾಗಿ, ಒಂದು ಸ್ವರವೂ ತಪ್ಪದೆ ನುಡಿಸಿದ.

ಮುಂದಿನ ತಿಂಗಳು ಭೋಜನದ ಹೊತ್ತಿಗೆ ಅವನು ಏಳಲಿಲ್ಲ, ನುಡಿಸುತ್ತಲೇ ಇದ್ದ. ಆರಾಧನೆ ಮುಗಿದ ಮೇಲೆ ಫಿಲೆಮೋನ ಮಾಸ್ತರರು ಒಳಕೋಣೆಗೆ ಅವನನ್ನು ಕರೆದರು. ಅವರ ಕೈಯಲ್ಲಿ ಹೊಸ ಸ್ಟೀಲಿನ ಲೋಟವಿತ್ತು.

"ಗಿದ್ಯೋನಪ್ಪ, ಕಮಿಟಿ ಒಳಗ ಮಾತಾಡೀವಿ. ನಿನಗ ಇದರಾಗ ಕೊಡೂದು ಅಂತ. ನಿನ್ನ ಹೆಸರಿಲೆ ಇಟ್ಟಬಿಡೂಣು. ತಪ್ಪ ತಿಳ್ಕೋಬ್ಯಾಡ. ಮಂದಿ ಮನಸ್ಸ ನಿನಗ ಗೊತ್ತೈತಲ್ಲ."

ಗಿದ್ಯೋನಪ್ಪ ಲೋಟವನ್ನು ನೋಡಿದ. "ನನಗ ನೀರಡಿಕಿ ಆಗಿಲ್ರಿ ಮಾಸ್ತರ" ಎಂದು ಕೈಮುಗಿದು ಹೊರಗೆ ಹೋದ.

ನನ್ನನ್ನು ತೊಳೆಯುವ ಕೆಲಸವನ್ನೂ ಎಸ್ತೇರವ್ವನಿಂದ ತೆಗೆದು ದೀನಮ್ಮನಿಗೆ ಕೊಟ್ಟರು. ಮೂರು ತಿಂಗಳು ಆಯಿತು, ದೀನಮ್ಮನಿಗೆ ಶನಿವಾರ ಬರುವುದು ಬೇಸರವಾಯಿತು. ಹೇಳದೆ ಕೇಳದೆ ಕೆಲಸ ಮತ್ತೆ ಎಸ್ತೇರವ್ವನ ಕೈಗೇ ಬಂತು. ಅವಳ ಕೈ ತೊಳೆದದ್ದು ಎಲ್ಲರಿಗೂ ಆಗುತ್ತಿತ್ತು; ಅವಳ ಗಂಡನ ಬೆರಳು ನುಡಿಸಿದ್ದೂ ಎಲ್ಲರಿಗೂ ಬೇಕಾಗಿತ್ತು. ಎರಡು ಮೂರು ತಿಂಗಳಲ್ಲಿ ಜನ ಮೊದಲಿನಂತೆಯೇ ಕಟಕಟೆಗೆ ಬರತೊಡಗಿದರು. ಗಿದ್ಯೋನಪ್ಪ ಬರುವುದಿಲ್ಲವೆಂದು ಖಾತ್ರಿಯಾಗಿತ್ತಲ್ಲ.

ಒಂದು ಭಾನುವಾರ ಎಲ್ಲರೂ ಹೋದ ಮೇಲೆ ಎಸ್ತೇರವ್ವ ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಾರ್ಮೋನಿಯಮ್ಮಿನ ಹತ್ತಿರ ಬಂದಳು. ಅಯ್ಯನವರು ಅವಸರದಲ್ಲಿ ತಳದಲ್ಲಿ ಸ್ವಲ್ಪ ಉಳಿಸಿದ್ದರು.

"ಒಂದ ಗುಟುಕ ಐತಿ. ತಗೋರಿ. ಯಾರೂ ಇಲ್ಲ."

ಅವನು ಹಾರ್ಮೋನಿಯಮ್ಮಿನ ಮುಚ್ಚಳ ಹಾಕಿ ಅವಳ ಕಡೆ ನೋಡಿದ. "ಇದು ತಗೊಳ್ಳೂದಲ್ಲ ಎಸ್ತೇರ. ಕೊಡೂದು. ಕೊಡಾವ್ರು ಕೊಡಬೇಕು."

ಅವಳು ನನ್ನನ್ನು ಒಳಗೆ ತಂದು ತೊಳೆದಳು. ಅವತ್ತು ಬಹಳ ಹೊತ್ತು ತೊಳೆದಳು.

ಸೋನ್ಸ್ ಅಯ್ಯನವರು ಎರಡು ವರ್ಷದ ಮೇಲೆ ಬೇರೆ ಸಭೆಗೆ ವರ್ಗವಾಗಿ ಹೋದರು. ಹೋಗುವ ದಿನ ಒಳಕೋಣೆಗೆ ಬಂದು ಕಪಾಟು ತೆಗೆದು ನನ್ನನ್ನು ನೋಡುತ್ತ ನಿಂತರು. ಪಕ್ಕದಲ್ಲಿ ಗಿದ್ಯೋನಪ್ಪ ಮುಂದಿನ ಭಾನುವಾರದ ಹಾಡನ್ನು ಅಭ್ಯಾಸ ಮಾಡುತ್ತಿದ್ದ. ಬಾಗಿಲು ದಾಟಿದರೆ ನಾಲ್ಕು ಮಾರು. ಅವರು ಹೋಗಲಿಲ್ಲ. ಕಪಾಟು ಮುಚ್ಚಿ ಇನ್ನೊಂದು ಬಾಗಿಲಿನಿಂದ ಹೊರಟುಹೋದರು.

ವರ್ಷಗಳು ಹೋದವು. ಅಯ್ಯನವರುಗಳು ಬಂದರು, ಹೋದರು. ಗಿದ್ಯೋನಪ್ಪನ ಹೆಣ್ಣುಮಕ್ಕಳು ನನ್ನಿಂದ ಕುಡಿದು ದೊಡ್ಡವರಾಗಿ, ಮದುವೆಯಾಗಿ ಬೇರೆ ಊರು ಸೇರಿದರು. ಭೋಜನದ ಹೊತ್ತಿಗೆಲ್ಲ ಅವನು ನುಡಿಸುತ್ತಿದ್ದ, ಯಾರೂ ಕರೆಯುತ್ತಿರಲಿಲ್ಲ. ಬರುಬರುತ್ತ ಅದರ ಕಾರಣವೇ ಜನರಿಗೆ ಮರೆತುಹೋಯಿತು. ಒಮ್ಮೆ ಭೋಜನಕ್ಕೆ ಹೊಸದಾಗಿ ಸಿದ್ಧವಾಗುತ್ತಿದ್ದ ಹುಡುಗಿಯೊಬ್ಬಳು, "ಗಿದ್ಯೋನಜ್ಜ ಯಾಕ ಬರೂದಿಲ್ರಿ?" ಎಂದು ಕೇಳಿದಳು. ಕಲಿಸುತ್ತಿದ್ದವರು, "ನುಡಸಾವ್ರು ಭೋಜನಕ್ಕ ಬರೂದಿಲ್ಲ ತಂಗಿ, ಅದು ಪದ್ಧತಿ" ಎಂದರು. ಅವರು ಸುಳ್ಳು ಹೇಳಲಿಲ್ಲ, ಹಾಗೆಂದೇ ನಂಬಿದ್ದರು. ಆ ಮಾತು ಕೇಳಿದಾಗ ನನಗಾದ ಸಂಕಟ ಈಸ್ಟರಿನ ದಿನವೂ ಆಗಿರಲಿಲ್ಲ.

ನನಗೆ ನಲವತ್ತು ತುಂಬಿದ ಸುಮಾರಿಗೆ ಹೊಸಮನಿ ಎಂಬ ತರುಣ ಅಯ್ಯನವರು ಬಂದರು. ಆ ವರ್ಷವೇ ಕಮಿಟಿ ಬೆರಳುದ್ದದ ಗಾಜಿನ ಲೋಟಗಳನ್ನು ತರಿಸಿತು. ಒಬ್ಬೊಬ್ಬರಿಗೆ ಒಂದೊಂದು. ಆರೋಗ್ಯಕ್ಕೆ ಒಳ್ಳೆಯದು, ದೊಡ್ಡ ಊರುಗಳ ಸಭೆಗಳಲ್ಲೆಲ್ಲ ಹೀಗೆಯೇ ಆಗಿದೆ ಎಂದರು. ನನ್ನನ್ನು ಕಪಾಟಿನ ಮೇಲಿನ ಅರೆಗೆ ಏರಿಸಿದರು.

ಹೊಸ ಲೋಟಗಳ ಮೊದಲ ಭಾನುವಾರವೇ ಹೊಸಮನಿ ಅಯ್ಯನವರು ಒಂದು ಲೋಟ ಹಿಡಿದು ಹಾರ್ಮೋನಿಯಮ್ಮಿನ ಹತ್ತಿರ ಹೋದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮುದುಕನೊಬ್ಬ ನುಡಿಸುತ್ತಲೇ ಉಳಿದನಲ್ಲ ಎಂದು ಮನಸ್ಸಿಗೆ ಬಂದಿತ್ತು, ಅಷ್ಟೇ. ಗಿದ್ಯೋನಪ್ಪ ಬೇಡವೆಂದ. ಆರಾಧನೆ ಮುಗಿದ ಮೇಲೆ ಅವರು ಒಳಕೋಣೆಯಲ್ಲಿ ಅವನನ್ನು ಕೂಡ್ರಿಸಿಕೊಂಡು ಕೇಳಿದರು.

"ಯಾಕ್ರಿ ಅಜ್ಜಾರ? ನನ್ನಿಂದ ಏನರ ತಪ್ಪಾತೇನ್ರಿ?"

"ನಿಮ್ಮ ತಪ್ಪಲ್ರಿ ಅಯ್ನೋರ. ಬ್ಯಾರೆ ಲೋಟದಾಗ ಕೊಡ್ತೀವಿ ಅಂತ ನನಗ ಮೂವತ್ತ ವರ್ಷದ ಹಿಂದ ಹೇಳಿದ್ರು. ನಾ ವಲ್ಲೆ ಅಂದೆ. ಈಗ ನೋಡ್ರಿ, ಎಲ್ಲಾರಿಗೂ ಬ್ಯಾರೆ ಬ್ಯಾರೆ ಬಂತು." ಅವನು ನಕ್ಕ. ಮೇಲಿನ ಅರೆಯಲ್ಲಿದ್ದ ನನ್ನತ್ತ ಮಡಚಿದ ಕೈ ತೋರಿಸಿದ. "ನನಗ ಬೇಕಾಗಿದ್ದು ಅದು. ಎಲ್ಲಾರ ಜೋಡಿ."

ಆಮೇಲೆ ಕಥೆಯೆಲ್ಲ ಹೊರಬಂತು. ಹೊಸಮನಿ ಅಯ್ಯನವರು ಮುಲ್ಕಿಯಲ್ಲಿ ನಿವೃತ್ತರಾಗಿದ್ದ ಸೋನ್ಸ್ ಅಯ್ಯನವರಿಗೆ ಪತ್ರ ಬರೆದರು. ಉತ್ತರ ಬರಲು ಒಂದು ವರ್ಷವೇ ಹಿಡಿಯಿತು. ಅಷ್ಟರಲ್ಲಿ ಗಿದ್ಯೋನಪ್ಪ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದ. ಹಾರ್ಮೋನಿಯಂ ಮತ್ತೆ ಮೂಕವಾಗಿತ್ತು.

ಸೋನ್ಸ್ ಅಯ್ಯನವರು ಸುಗ್ಗಿಯ ಹಬ್ಬದ ಭಾನುವಾರ ಬಂದರು. ಕೋಲೂರಿಕೊಂಡು, ಬೆನ್ನು ಬಾಗಿ. ಸಭೆಯ ಮುಂದೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಒಳಕೋಣೆಯಲ್ಲಿ ಹೊಸಮನಿ ಅಯ್ಯನವರಿಗೆ ಹೇಳಿದ್ದನ್ನು ನಾನು ಕೇಳಿದೆ. ಬರೆದುಕೊಂಡ ಚೀಟಿಯೂ ಅವರ ಕೈಯಲ್ಲಿತ್ತು. ಪ್ರಸಂಗಪೀಠ ಹತ್ತಿದರು. ಬಿತ್ತನೆಯ ಬಗ್ಗೆ ಮಾತಾಡಿದರು, ಕೊಯ್ಲಿನ ಬಗ್ಗೆ ಮಾತಾಡಿದರು. ಚೀಟಿ ತೆರೆಯಲೇ ಇಲ್ಲ. ಒಳಕೋಣೆಗೆ ಬಂದಾಗ ಅದು ಮಡಚಿದಂತೆಯೇ ಇತ್ತು.

ಹೊರಗೆ ಅಂಗಳದಲ್ಲಿ ಜನ ತಂದಿದ್ದ ಕುಂಬಳಕಾಯಿ, ಕೋಳಿ, ಜೋಳದ ಚೀಲಗಳ ಹರಾಜು ಗದ್ದಲದಿಂದ ನಡೆದಿತ್ತು. ಸೋನ್ಸ್ ಅಯ್ಯನವರು, "ಆ ಹಳೆಯ ಪಾತ್ರೆ ಉಂಟಾ?" ಎಂದು ಕೇಳಿದರು. ಹೊಸಮನಿ ಅಯ್ಯನವರು ನನ್ನನ್ನು ಬಿಳಿ ವಸ್ತ್ರದಲ್ಲಿ ಸುತ್ತಿಕೊಂಡರು. ಇಬ್ಬರೂ ಹಿಂದಿನ ಬಾಗಿಲಿನಿಂದ ನೇಕಾರರ ಓಣಿಗೆ ನಡೆದರು. ನಾನು ಆ ಮನೆಯೊಳಗೆ ಹೋದದ್ದು ಅದೇ ಮೊದಲು.

ಗಿದ್ಯೋನಪ್ಪ ಕಿಟಕಿಯ ಪಕ್ಕ ಮಲಗಿದ್ದ. ಬಂದವರ ಗುರುತು ಹಿಡಿಯಲು ಅವನಿಗೆ ತಡವಾಗಲಿಲ್ಲ. ಎಸ್ತೇರವ್ವ ಸ್ಟೂಲು ತಂದಿಟ್ಟಳು. ಸೋನ್ಸ್ ಅಯ್ಯನವರು ಕುಳಿತುಕೊಳ್ಳಲಿಲ್ಲ.

"ಗಿದ್ಯೋನಪ್ಪನವರೇ, ನಾನು ಅವತ್ತು ಹೆದರಿದೆ. ಡಾಕ್ಟರರ ಕಾಗದ ಓದಿ ಹೇಳಿದವನು ನಾನೇ. ಆದರೂ ಹೆದರಿದೆ. ಮನೆಯಲ್ಲಿ ಸಣ್ಣ ಮಗು ಇತ್ತು."

"ನನ್ನ ಹುಡುಗೂರೂ ಸಣ್ಣವಿದ್ದುವರಿ ಅಯ್ನೋರ."

ಸೋನ್ಸ್ ಅಯ್ಯನವರು ಕೋಲಿನ ಮೇಲೆ ಬಾಗಿ ನಿಂತೇ ಇದ್ದರು. ಆಮೇಲೆ ಗಿದ್ಯೋನಪ್ಪನೇ, "ಬಂದೀರಲ್ಲ, ಕೂಡ್ರಿ" ಎಂದ.

ಸೋನ್ಸ್ ಅಯ್ಯನವರು ತಂದಿದ್ದ ದ್ರಾಕ್ಷಾರಸವನ್ನು ನನ್ನೊಳಗೆ ಸುರಿದು ಪ್ರಾರ್ಥಿಸಿದರು. ಎಸ್ತೇರವ್ವ ಗಂಡನ ತಲೆ ಎತ್ತಿ ಹಿಡಿದಳು. ಅವನು ಕುಡಿದ. ಒಂದು ಹನಿ ಗದ್ದದ ಮೇಲೆ ಇಳಿಯಿತು. ಆಮೇಲೆ ಎಸ್ತೇರವ್ವ ಕುಡಿದಳು, ಹೊಸಮನಿ ಅಯ್ಯನವರು ಕುಡಿದರು. ಉಳಿದದ್ದನ್ನು ಸೋನ್ಸ್ ಅಯ್ಯನವರು ಕುಡಿದರು. ಅಂಚು ಒರೆಸಲಿಲ್ಲ. ಗಿದ್ಯೋನಪ್ಪನ ತುಟಿ ತಾಗಿದ ಜಾಗವನ್ನೇ ಹುಡುಕಿ, ಅಲ್ಲಿಯೇ ಬಾಯಿ ಹಚ್ಚಿ, ತಳ ಕಾಣುವವರೆಗೆ ಕುಡಿದರು. ಅವರು ಅಳುತ್ತಿದ್ದರು. ಗಿದ್ಯೋನಪ್ಪ ಅಳಲಿಲ್ಲ. ಕಣ್ಣು ಮುಚ್ಚಿ ಮಲಗಿದ್ದ. ಅವನ ಮುಖದಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಹೊರಡುವಾಗ ಎಸ್ತೇರವ್ವ ಬಾಗಿಲ ತನಕ ಬಂದಳು. "ಬಂದು ಚೊಲೋ ಮಾಡಿದ್ರಿ ಅಯ್ನೋರ" ಎಂದಳು. ಆಮೇಲೆ, ಸಿಟ್ಟಿಲ್ಲದ ದನಿಯಲ್ಲಿ, "ಆದರ ಅವತ್ತ ನೀವು ಚೆಲ್ಲಿದ್ದು ಎಲ್ಲಾರ ಮುಂದ. ಇವತ್ತ ಕುಡದದ್ದು ನಮ್ಮಿಬ್ಬರ ಮುಂದ" ಎಂದಳು.

ಓಣಿಯ ತುದಿಯವರೆಗೂ ಸೋನ್ಸ್ ಅಯ್ಯನವರು ತಲೆಯೆತ್ತಲಿಲ್ಲ. ಅಂಗಳದಲ್ಲಿ ಹರಾಜಿನ ನಗೆ ಇನ್ನೂ ಕೇಳುತ್ತಿತ್ತು.

ಹನ್ನೊಂದು ದಿನಗಳ ಮೇಲೆ ಗಿದ್ಯೋನಪ್ಪ ತೀರಿಕೊಂಡ. ಮಣ್ಣು ಮಾಡಲು ಇಡೀ ಸಭೆ ಬಂದಿತ್ತು. ಊರಲ್ಲಿ ಅಂಥ ಮಣ್ಣು ಆಗಿರಲಿಲ್ಲವೆಂದು ಎಸ್ತೇರವ್ವ ಹೇಳಿದಳು. ನನ್ನನ್ನು ಯಾರೂ ಬಳಸದಿದ್ದರೂ ಅವಳು ತಿಂಗಳಿಗೊಮ್ಮೆ ಬಂದು ಕೆಳಗಿಳಿಸಿ ತೊಳೆಯುತ್ತಿದ್ದಳು, ಕಣ್ಣು ಮಂಜಾದ ಮೇಲೂ. ಈಗ ಅವಳೂ ಇಲ್ಲ. ನನ್ನ ಮೈ ಕಪ್ಪಗಾಗಿದೆ.

ಹೊಸಮನಿ ಅಯ್ಯನವರು ವರ್ಷಕ್ಕೊಮ್ಮೆಯಾದರೂ ಈ ಪಾತ್ರೆಯಲ್ಲಿ ಎಲ್ಲರೂ ಕೂಡಿ ಕುಡಿಯೋಣವೆಂದು ಕಮಿಟಿಯನ್ನು ಕೇಳಿದ್ದರು. ಕಮಿಟಿಯವರು ನೋಡೂಣು ಎಂದರು. ಅವರು ವರ್ಗವಾಗಿ ಹೋದರು. ಮುಂದಿನವರೂ ಕೇಳಿದರು, ಆಗಲೂ ನೋಡೂಣು. ಆಮೇಲೆ ಕೊರೊನಾ ಬಂತು. ಆ ಮಾತು ಅಲ್ಲಿಗೇ ನಿಂತಿತು.

ಹೆದರಿದವರನ್ನು ನಾನು ಬೈಯಲಾರೆ. ಮನೆಯಲ್ಲಿ ಮಕ್ಕಳಿದ್ದವರು, ರೋಗವನ್ನು ಕಣ್ಣಾರೆ ಕಂಡವರು. ಹೆದರಿಕೆ ಕೇಳಿ ಬರುವುದಿಲ್ಲ. ಸೋನ್ಸ್ ಅಯ್ಯನವರ ಕೈ ಆ ಒಂದು ಗಳಿಗೆ ನಿಂತದ್ದನ್ನೂ ನಾನು ಕ್ಷಮಿಸಬಲ್ಲೆ. ಕಪಾಟಿನ ಕತ್ತಲೆಯಲ್ಲಿ ನನಗೆ ನೆನಪಾಗುವುದು ಬೇರೆ. ಆ ಈಸ್ಟರಿನ ಮರುದಿನ ಎಸ್ತೇರವ್ವ ಮನೆ ಸಾರಿಸಿ, ಗಡಿಗೆ ತುಂಬ ಮಜ್ಜಿಗೆ ಮಾಡಿಟ್ಟು ಕಾದಿದ್ದಳಂತೆ. ಅಯ್ಯನವರು ಬರುತ್ತಾರೆ, ಮಾಸ್ತರರು ಬರುತ್ತಾರೆ, ತಪ್ಪಾಯಿತು ಎನ್ನುತ್ತಾರೆ, ಕುಡಿಯಲು ಏನಾದರೂ ಕೊಡಬೇಕಲ್ಲ ಎಂದು. ಸೋಮವಾರ ಸಂಜೆಯವರೆಗೂ ಬಾಗಿಲು ತೆರೆದೇ ಇತ್ತು. ಯಾರೂ ಬರಲಿಲ್ಲ.